ಕೊನೆಯ ತುಂಡು ಮತ್ತು ಅಲಗು: ಅಡುಗೆಮನೆಯ ಅಪ್ರಮಾದವನ್ನು ಕುರಿತು

ಗೃಹಸ್ಥನ ಮನೆಯಲ್ಲಿ ಹಿಂಸೆ ನಡೆಯುವ ಐದು ಸ್ಥಾನಗಳಿವೆಯೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಎಣಿಸುತ್ತದೆ. ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು-ಒನಕೆ ಮತ್ತು ನೀರಿನ ಕೊಡ ಎಂಬ ಈ ಐದನ್ನು ಪಂಚಸೂನೆಗಳೆಂದು, ಅಂದರೆ ಮನೆಯೊಳಗಿನ ಐದು ವಧಾಸ್ಥಾನಗಳೆಂದು ಕರೆದು, ಅವುಗಳಿಂದ ದಿನವೂ ತಗಲುವ ದೋಷದ ಪರಿಹಾರಕ್ಕಾಗಿ ದೇವತೆಗಳು, ಪಿತೃಗಳು, ಋಷಿಗಳು, ಭೂತಗಳು ಮತ್ತು ಅತಿಥಿಗಳನ್ನು ಕುರಿತ ಐದು ಮಹಾಯಜ್ಞಗಳನ್ನು ವಿಧಿಸುತ್ತದೆ. ಈ ಎಣಿಕೆಯಲ್ಲಿ ಅಡುಗೆಮನೆಯ ಅತ್ಯಂತ ಹರಿತವಾದ ವಸ್ತು, ಅದು ಚಾಕುವಾಗಲಿ ಈಳಿಗೆಯಾಗಲಿ, ಸೇರಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಒಲೆಯಿಂದಲೂ ಬೀಸುಕಲ್ಲಿನಿಂದಲೂ ಸಾಯುವುದು ಕಣ್ಣಿಗೆ ಬೀಳದ ಇರುವೆ, ಹುಳು, ನುಸಿಗಳು, ಅಲಗಿನಿಂದ ಗಾಯಗೊಳ್ಳುವುದಾದರೋ ಬಹುಮಟ್ಟಿಗೆ ಅದನ್ನು ಬಳಸುವ ಕೈಯೇ. ಪರಜೀವಿಯ ನೋವನ್ನು ಇಷ್ಟು ಸೂಕ್ಷ್ಮವಾಗಿ ಲೆಕ್ಕಕ್ಕೆ ತೆಗೆದುಕೊಂಡ ಶಾಸ್ತ್ರ ಅಡುಗೆ ಮಾಡುವವರ ಬೆರಳಿನ ನೋವನ್ನು ಈ ಪಟ್ಟಿಯಿಂದ ಹೊರಗೆ ಬಿಟ್ಟಿತು. ಹಾಗಾದರೆ ಅಜಾಗರೂಕತೆಯಿಂದ ತನ್ನ ದೇಹಕ್ಕೆ ತಾನೇ ಮಾಡಿಕೊಳ್ಳುವ ಗಾಯ ಧರ್ಮದ ವಿಚಾರವೇ, ಅಥವಾ ಬರಿಯ ಕೈಚಳಕದ ಕೊರತೆಯೇ? ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಅಡುಗೆಮನೆಗಳಿಗೆ ತರಕಾರಿ ಹೆಚ್ಚುವ ಸ್ಲೈಸರ್ ಬಂದ ಮೇಲೆ ಈ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕಾಗಿದೆ. ಅದಕ್ಕೆ ಉತ್ತರ ಹುಡುಕಲು ಬೇಕಾದ ಸಾಮಗ್ರಿ ಈ ಮೂರು ಊರುಗಳ ಸುತ್ತಲಿನ ನೆಲದಲ್ಲೇ ಇದೆ.

ಫ್ರೆಂಚ್ ಅಡುಗೆಯವರು ಮ್ಯಾಂಡೊಲಿನ್ ಎಂದು ಕರೆಯುವ, ಇಲ್ಲಿನ ಅಂಗಡಿಗಳಲ್ಲಿ ಸ್ಲೈಸರ್ ಎಂದೋ ಚಿಪ್ಸ್ ಕಟ್ಟರ್ ಎಂದೋ ಕೊಳ್ಳುವ ಈ ಉಪಕರಣ ಒಂದು ಉದ್ದನೆಯ ಹಲಗೆ. ಅದರ ನಡುವೆ ಅಡ್ಡವಾಗಿ ಇಲ್ಲವೆ ಓರೆಯಾಗಿ ಒಂದು ತೆಳುವಾದ ಉಕ್ಕಿನ ಅಲಗು ಕೂರಿಸಿರುತ್ತದೆ, ಅಲಗಿನ ಮುಂದಿನ ಹಲಗೆಯನ್ನು ಏರಿಸಿ ಇಳಿಸುವುದರಿಂದ ಹೋಳಿನ ದಪ್ಪ ಹೆಚ್ಚುಕಡಿಮೆಯಾಗುತ್ತದೆ, ತರಕಾರಿಯನ್ನು ಹಲಗೆಯ ಮೇಲೆ ಉಜ್ಜಿದಂತೆ ತಳ್ಳಿದಾಗ ಹೋಳು ಕೆಳಗೆ ಬೀಳುತ್ತದೆ. ಅಲಗು ನಿಂತಿದ್ದು ಕೈ ಅದರತ್ತ ಹೋಗುವ ಈ ಕ್ರಮ ಈ ಭಾಗದ ಹೆಂಗಸರಿಗೆ ಹೊಸದೇನೂ ಅಲ್ಲ, ಏಕೆಂದರೆ ಈಳಿಗೆಮಣೆಯಲ್ಲೂ ಅಲಗು ನಿಂತೇ ಇರುತ್ತದೆ, ಕಾಯಿ ಅದರ ಬಳಿಗೆ ಹೋಗುತ್ತದೆ. ಆದರೆ ಒಂದು ವ್ಯತ್ಯಾಸ ಎಲ್ಲವನ್ನೂ ಬದಲಿಸುತ್ತದೆ. ಈಳಿಗೆಯ ಅಲಗು ಕಣ್ಣೆದುರು ಎದ್ದು ನಿಂತಿರುತ್ತದೆ. ಮಣೆಯನ್ನು ಕಾಲಿನಿಂದ ಒತ್ತಿ ಕುಳಿತವಳ ಎರಡು ಕೈಗಳು ಅಲಗಿನ ಎರಡು ಬದಿಯಲ್ಲಿರುತ್ತವೆ, ಕಾಯಿ ಎಲ್ಲಿ ಕಡಿಯುತ್ತಿದೆಯೆಂಬುದು ಪ್ರತಿ ಕ್ಷಣವೂ ಕಾಣುತ್ತದೆ. ಸ್ಲೈಸರಿನಲ್ಲಿ ಅಲಗು ಕಾಯಿಯ ಅಡಿಯಲ್ಲಿ ಮರೆಯಾಗಿರುತ್ತದೆ, ಅಂಗೈ ಅದರ ನೇರ ಮೇಲಿರುತ್ತದೆ, ತೋಳಿನ ಭಾರವೆಲ್ಲ ಅದರತ್ತಲೇ ಇಳಿಯುತ್ತದೆ, ಮತ್ತು ಪ್ರತಿ ಸಲ ತಳ್ಳಿದಾಗಲೂ ಕೈಗೂ ಅಲಗಿಗೂ ನಡುವಿನ ಅಂತರ ಒಂದು ಹೋಳಿನಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಈಳಿಗೆಯಲ್ಲಿ ಪಳಗಿದ ಕೈ ಆ ಧೈರ್ಯವನ್ನೇ ಸ್ಲೈಸರಿಗೂ ಒಯ್ದಾಗ, ಕಣ್ಣು ಕೊಡುತ್ತಿದ್ದ ಕಾವಲು ಈಗ ಇಲ್ಲವೆಂಬುದನ್ನು ಬೆರಳು ತಡವಾಗಿ ತಿಳಿಯುತ್ತದೆ.

ಅಲಗಿನ ಒಡನಾಟ ಈ ನೆಲದಲ್ಲಿ ಬಹಳ ಹಳೆಯದು. 19ನೇ ಶತಮಾನದ ಉತ್ತರಾರ್ಧದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಸ್ಕಿಯ ಪರಿಸರದಲ್ಲಿ ಪ್ರಾಚೀನ ನೆಲೆಗಳನ್ನು ಗುರುತಿಸಿದನು, 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ನವಶಿಲಾ-ತಾಮ್ರಯುಗದ ಸ್ತರದಿಂದ ಚರ್ಟ್ ಎಂಬ ನುಣುಪು ಕಲ್ಲಿನಿಂದ ಸೀಳಿ ತೆಗೆದ ಕಿರಿದಾದ ಅಲಗುಗಳು ದೊರೆತವು. ಇಂಥ ಅಲಗುಗಳನ್ನು ಮರದ ಇಲ್ಲವೆ ಎಲುಬಿನ ಹಿಡಿಗೆ ಕೂರಿಸಿ ಬಳಸುತ್ತಿದ್ದರೆಂದು ವಿದ್ವಾಂಸರು ತರ್ಕಿಸುತ್ತಾರೆ. ಹಿಡಿ ಎಂಬುದು ಕೈಯನ್ನು ಅಂಚಿನಿಂದ ದೂರವಿಡುವ ಉಪಾಯವೂ ಹೌದಾದ್ದರಿಂದ, ಕೈಯ ರಕ್ಷಣೆಯ ಚಿಂತೆ ಅಲಗಿನಷ್ಟೇ ಪ್ರಾಚೀನವೆಂದು ಹೇಳಲು ಅಡ್ಡಿಯಿಲ್ಲ.

ಅದೇ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಅಶೋಕನ ಕಿರುಶಾಸನ, ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೂ ಹೇಳಿ ಇತಿಹಾಸಕಾರರ ಬಹುಕಾಲದ ಸಂದೇಹವನ್ನು ಕಳೆದುದು ಪ್ರಸಿದ್ಧವಾಗಿದೆ. ಆದರೆ ಆ ಶಾಸನದ ತಿರುಳು ಹೆಸರಿನಲ್ಲಿಲ್ಲ. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಎಣಿಸಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನೂ ಅದನ್ನು ಪಡೆಯಬಲ್ಲನೆಂಬುದು ಅದರ ಸಾರ. ಶ್ರೀಲಂಕೆಯ ಮಹಾವಂಶವೆಂಬ ಪಾಲಿ ಗ್ರಂಥ, ನಿಗ್ರೋಧನೆಂಬ ಎಳೆಯ ಶ್ರಾಮಣೇರನು ಅಶೋಕನಿಗೆ ಮೊದಲು ಬೋಧಿಸಿದ್ದು ಧಮ್ಮಪದದ ಅಪ್ಪಮಾದವರ್ಗವೆಂದು ಹೇಳುತ್ತದೆ. ಅಪ್ಪಮಾದ, ಸಂಸ್ಕೃತದಲ್ಲಿ ಅಪ್ರಮಾದ, ಎಂದರೆ ಮೈಮರೆವಿಲ್ಲದ ಸ್ಥಿತಿ: ಮಾಡುತ್ತಿರುವ ಕೆಲಸದಲ್ಲಿ ಮನಸ್ಸು ನೆಲೆನಿಂತಿರುವುದು, ಅಭ್ಯಾಸದ ಬಲದಿಂದ ಕೈ ತಾನಾಗಿ ಓಡುವಾಗಲೂ ಅರಿವು ಅದರ ಜೊತೆಗಿರುವುದು. ಪರಿನಿರ್ವಾಣಕ್ಕೆ ಮುನ್ನ ಬುದ್ಧನು ಶಿಷ್ಯರಿಗೆ ಹೇಳಿದ ಕೊನೆಯ ಮಾತಿನಲ್ಲೂ ಇದೇ ಗುಣದ ನೆನಪಿದೆಯೆಂದು ಬೌದ್ಧ ಪರಂಪರೆ ನಂಬುತ್ತದೆ. ರಾಜನೊಬ್ಬನ ಬದುಕನ್ನು ತಿರುಗಿಸಿದ ಈ ಬೋಧೆ ಮೊದಲು ಮುಟ್ಟಿದ ಜಾಗಗಳಲ್ಲಿ ಅಡುಗೆಮನೆಯೂ ಒಂದು. ಮಸ್ಕಿಗೆ ಬಹಳ ದೂರವಲ್ಲದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಕೆತ್ತಿಸಿರುವ ಮೊದಲನೆಯ ಶಿಲಾಶಾಸನದಲ್ಲಿ, ಹಿಂದೆ ಅರಮನೆಯ ಪಾಕಶಾಲೆಯಲ್ಲಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರೆಂದೂ, ಈಗ ಎರಡು ನವಿಲು ಮತ್ತು ಒಂದು ಜಿಂಕೆಗೆ ಅದು ಇಳಿದಿದೆಯೆಂದೂ, ಮುಂದೆ ಅದೂ ನಿಲ್ಲುವುದೆಂದೂ ಅಶೋಕನು ಹೇಳಿಸಿದ್ದಾನೆ. ಧರ್ಮದ ಪರೀಕ್ಷೆ ಯುದ್ಧಭೂಮಿಯಲ್ಲಿ ಮಾತ್ರವಲ್ಲ, ಹೆಚ್ಚುವ, ಕಡಿಯುವ, ಬೇಯಿಸುವ ಜಾಗದಲ್ಲೂ ನಡೆಯುತ್ತದೆಂದು ಒಬ್ಬ ಚಕ್ರವರ್ತಿ ಬಂಡೆಯ ಮೇಲೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಹಿಂಸೆಯನ್ನು ಮೈಮರೆವಿನ ಜೊತೆಗೆ ನೇರವಾಗಿ ಹೆಣೆದವರು ಜೈನ ದಾರ್ಶನಿಕರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಕ್ಕೆ ಆಗುವ ಹಾನಿಯೊಂದನ್ನೇ ಹೇಳದೆ, ಆ ಹಾನಿ ಪ್ರಮಾದದ ಯೋಗದಿಂದ ಆಗಬೇಕೆಂದು ಸೇರಿಸುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಮುಂದೆ ಹೋಗಿ, ಎಚ್ಚರಗೇಡಿಯಾಗಿ ನಡೆಯುವವನು ಯಾವ ಜೀವಿಗೂ ಹಾನಿಯಾಗದಿದ್ದರೂ ಹಿಂಸಕನೇ, ಎಚ್ಚರದಿಂದ ನಡೆಯುವವನಿಗೆ ಅಕಸ್ಮಾತ್ತಾಗಿ ಆದ ಹಾನಿಯಿಂದ ಬಂಧವಿಲ್ಲವೆಂಬ ಅಭಿಪ್ರಾಯವನ್ನು ಮುಂದಿಡುತ್ತದೆ. ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ, ಅಂದರೆ ನಡೆ ನುಡಿಗಳಲ್ಲಿ ಪಾಲಿಸಬೇಕಾದ ಐದು ಬಗೆಯ ಎಚ್ಚರಗಳಲ್ಲಿ, ಆದಾನನಿಕ್ಷೇಪಣ ಸಮಿತಿಯೆಂಬುದು ಒಂದು. ಯಾವ ವಸ್ತುವನ್ನಾಗಲಿ ಎತ್ತಿಕೊಳ್ಳುವಾಗ ಮತ್ತು ಕೆಳಗಿಡುವಾಗ ನೋಡಿ ಎತ್ತಬೇಕು, ನೋಡಿ ಇಡಬೇಕು ಎಂಬುದು ಅದರ ಅರ್ಥ. ಸಿಂಧನೂರಿನ ನೆರೆಯ ಕೊಪ್ಪಳ ಮಧ್ಯಯುಗದಲ್ಲಿ ಜೈನರ ಮಹಾತೀರ್ಥವಾಗಿತ್ತೆಂಬುದನ್ನು ನೆನೆದರೆ, ಈ ವಿಚಾರ ಈ ಸೀಮೆಗೆ ಹೊರಗಿನದಲ್ಲ. ಗೆಡ್ಡೆಗೆಣಸುಗಳನ್ನು ತಿನ್ನಬಹುದೇ, ಕಾಯಿಪಲ್ಯೆಗೂ ನೋವಿದೆಯೇ ಎಂಬ ಜೈನ ಚರ್ಚೆ ಇಲ್ಲಿ ಬೇಕಿಲ್ಲ. ಪ್ರಮಾದವೇ ಹಿಂಸೆಯ ಬೇರೆಂಬ ಮಾತನ್ನು ಒಪ್ಪಿದ ಮೇಲೆ, ಗಾಯಗೊಂಡ ಪ್ರಾಣ ಪರರದೋ ತನ್ನದೋ ಎಂಬ ಭೇದ ಉಳಿಯುವುದಿಲ್ಲವೆಂಬುದು ಮುಖ್ಯ. ಪಂಚಸೂನೆಗಳ ಪಟ್ಟಿಯಲ್ಲಿ ಖಾಲಿ ಉಳಿದ ಜಾಗವನ್ನು ಈ ವಿಚಾರ ತುಂಬುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಸಹಜವಾಗಿ ಏಳುತ್ತವೆ. ಮೊದಲನೆಯದು, ಆಗಬೇಕಾದದ್ದು ಆಗಿಯೇ ತೀರುತ್ತದೆ, ಹಣೆಬರಹವನ್ನು ತಪ್ಪಿಸುವವರಾರು ಎಂಬ ಮಾತು. ಎರಡನೆಯದು, ದೇಹವೇ ನಾನಲ್ಲವೆಂದು ಕಲಿಸುವ ವೇದಾಂತದಲ್ಲಿ ಬೆರಳಿನ ಚಿಂತೆಗೆ ಎಡೆಯೆಲ್ಲಿ ಎಂಬ ಸಂದೇಹ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠದಲ್ಲಿ ನೆಲೆಸಿದ ಚಿದಾನಂದಾವಧೂತರು ಜ್ಞಾನಸಿಂಧುವೆಂಬ ಅದ್ವೈತ ಗ್ರಂಥವನ್ನು ರಚಿಸಿದವರು, ಹಾಗೆಯೇ ಉತ್ತರ ಕರ್ನಾಟಕದ ಊರೂರುಗಳಲ್ಲಿ ನವರಾತ್ರಿಯಲ್ಲಿ ಓದುವ ದೇವಿಪುರಾಣವನ್ನೂ ಕೊಟ್ಟವರು. ಆತ್ಮಜ್ಞಾನ ಮತ್ತು ಆಯುಧಧಾರಿಣಿಯಾದ ದೇವಿಯ ಉಪಾಸನೆ ಎರಡೂ ಒಬ್ಬರಲ್ಲೇ ಕೂಡಿದ್ದವೆಂಬುದೇ ಎರಡನೆಯ ಸಂದೇಹಕ್ಕೆ ಅರ್ಧ ಉತ್ತರ. ದೇಹ ಆತ್ಮವಲ್ಲವೆಂದು ಅರಿಯಲು ಬೇಕಾದ ಸಾಧನವೂ ದೇಹವೇ. ಅದನ್ನು ಕಡೆಗಣಿಸುವುದು ವೈರಾಗ್ಯವಲ್ಲ, ಉದಾಸೀನ. ಮೊದಲನೆಯ ಆಕ್ಷೇಪಕ್ಕೆ ವೇದಾಂತದ ಪ್ರಾರಬ್ಧವಿಚಾರದಲ್ಲೇ ಉತ್ತರವಿದೆ. ಪ್ರಾರಬ್ಧವೆಂದರೆ ಹಿಂದಿನ ಕರ್ಮದಲ್ಲಿ ಫಲ ಕೊಡಲು ತೊಡಗಿದ ಭಾಗ. ಅದು ಬಂದ ಅನುಭವವನ್ನು ಸಹಿಸಲು ಹೇಳುತ್ತದೆಯೇ ಹೊರತು ಮುಂದೆ ಮಾಡುವ ಕೆಲಸವನ್ನು ಹೇಗಾದರೂ ಮಾಡಬಹುದೆಂದು ಪರವಾನಗಿ ಕೊಡುವುದಿಲ್ಲ. ದಾಸಪರಂಪರೆಯ ನೋಟ ಇನ್ನೂ ನೇರವಾದುದು. ಮಾನ್ವಿಯ ಜಗನ್ನಾಥದಾಸರು (1728–1809) ಹರಿಕಥಾಮೃತಸಾರದಲ್ಲಿ ಭೋಜನಕ್ಕಾಗಿಯೇ ಒಂದು ಸಂಧಿಯನ್ನು ಮೀಸಲಿಟ್ಟು, ಬಡಿಸುವ ಪದಾರ್ಥಗಳಲ್ಲೆಲ್ಲ ಭಗವದ್ರೂಪಗಳನ್ನು ಚಿಂತಿಸುವ ಕ್ರಮವನ್ನು ಹೇಳಿದರು. ಅವರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಅನ್ನದಲ್ಲಿ ಹರಿಯನ್ನು ಕಾಣಬೇಕೆನ್ನುವ ಪರಂಪರೆಯಲ್ಲಿ, ಆ ಅನ್ನವನ್ನು ಸಿದ್ಧಪಡಿಸುವ ಕೈಯೂ ಪೂಜೆಯ ಪರಿಕರವೇ ಆಗುತ್ತದೆ, ಮತ್ತು ಪೂಜೆಯ ಪರಿಕರವನ್ನು ಅಲಕ್ಷ್ಯದಿಂದ ಬಳಸುವುದು ಯಾವ ಆಚಾರದಲ್ಲೂ ಒಪ್ಪಿತವಲ್ಲ.

ಅಪ್ರಮಾದ ಮನಸ್ಸಿನ ಗುಣವಾದರೂ ಸ್ಲೈಸರಿನ ಮುಂದೆ ಅದು ಕೆಲವು ಖಚಿತವಾದ ಕ್ರಿಯೆಗಳ ರೂಪ ತಾಳಬೇಕಾಗುತ್ತದೆ. ಜೋಳದ ರೊಟ್ಟಿಯ ಜೊತೆ ಬಡಿಸುವ ಪಚಡಿಗೆ ಸವತಿಕಾಯಿ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಗಳನ್ನು ತೆಳುವಾಗಿ ಹೆಚ್ಚುವುದಾಗಲಿ, ಬಜ್ಜಿಗೆ ಆಲೂಗಡ್ಡಿಯನ್ನು ಒಂದೇ ದಪ್ಪದಲ್ಲಿ ಬಿಲ್ಲೆ ಮಾಡುವುದಾಗಲಿ, ಕೆಲಸ ಆರಂಭವಾಗುವುದು ಸ್ಲೈಸರಿನ ಹಲಗೆಯನ್ನು ಅಲುಗದಂತೆ ನಿಲ್ಲಿಸುವುದರಿಂದ. ಗ್ರಾನೈಟ್ ಕಟ್ಟೆಯ ಮೇಲೆ ಒದ್ದೆ ಬಟ್ಟೆಯನ್ನು ಹಿಂಡಿ ಹಾಸಿ ಅದರ ಮೇಲೆ ಸ್ಲೈಸರನ್ನು ಇಟ್ಟರೆ ಅದು ಜಾರುವುದಿಲ್ಲ. ಪಾತ್ರೆಯ ಬಾಯಿಗೆ ಅಡ್ಡವಿಟ್ಟು ಬಳಸುವ ಮಾದರಿಯಾದರೆ ಅದರ ಕಚ್ಚುಗಳು ಪಾತ್ರೆಯ ಅಂಚಿಗೆ ಸರಿಯಾಗಿ ಕೂತಿವೆಯೇ ಎಂದು ಮೊದಲೇ ನೋಡಬೇಕು. ದುಂಡನೆಯ ಆಲೂಗಡ್ಡಿಯನ್ನು ಹಾಗೆಯೇ ಉಜ್ಜಿದರೆ ಅದು ಹೊರಳುತ್ತದೆ. ಒಂದು ಬದಿಯನ್ನು ಚಾಕುವಿನಿಂದ ಚಪ್ಪಟೆ ಮಾಡಿಕೊಂಡು ಆ ಬದಿಯನ್ನು ಹಲಗೆಗೆ ತಾಗಿಸಬೇಕು. ಪಚಡಿಯ ಸವತಿಕಾಯಿಗೆ 2 ಮಿಲಿಮೀಟರ್, ಬಜ್ಜಿಯ ಆಲೂಗಡ್ಡಿಗೆ 3, ಚಿಪ್ಸಿಗೆ 1ರಿಂದ ಒಂದೂವರೆ ಮಿಲಿಮೀಟರ್ ದಪ್ಪ ಸಾಕು. ದಪ್ಪ ಒಂದೇ ಆಗಿದ್ದರೆ ಎಣ್ಣೆಯಲ್ಲಿ ಎಲ್ಲ ಹೋಳುಗಳೂ ಒಂದೇ ಸಲಕ್ಕೆ ಬೇಯುತ್ತವೆ, ಒಂದು ಕರಕಾಗಿ ಇನ್ನೊಂದು ಹಸಿಯಾಗಿ ಉಳಿಯುವುದಿಲ್ಲ, ಉಪಕರಣದ ನಿಜವಾದ ಸಾರ್ಥಕ್ಯವೂ ಇದೇ. ತಳ್ಳುವಾಗ ಒತ್ತಡ ಹದವಾಗಿರಬೇಕು, ವೇಗಕ್ಕಿಂತ ಲಯ ಮುಖ್ಯ. ಕಾಯಿ ಅಡ್ಡಿಕೊಂಡು ನಿಂತರೆ ಇನ್ನಷ್ಟು ಬಲ ಹಾಕಬಾರದು, ಏಕೆಂದರೆ ಅಡ್ಡಿ ಒಮ್ಮೆಲೇ ಕಳಚಿದಾಗ ಆ ಬಲವೆಲ್ಲ ಬೆರಳುಗಳನ್ನು ಅಲಗಿನ ಮೇಲೆ ಒಯ್ಯುತ್ತದೆ. ಮೊಂಡಾದ ಅಲಗು ಹರಿತವಾದ ಅಲಗಿಗಿಂತ ಹೆಚ್ಚು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ. ಉಳ್ಳಾಗಡ್ಡಿಯ ರಸದಿಂದ ಕೈ ಜಾರುವಂತಾದರೆ ನಿಲ್ಲಿಸಿ ಕೈ ಒರೆಸಿಕೊಳ್ಳಬೇಕು. ಯಾರಾದರೂ ಕರೆದರೆ ಕೈಯನ್ನು ಮೊದಲು ನಿಲ್ಲಿಸಿ ಅನಂತರ ತಲೆ ಎತ್ತಬೇಕು. ಈ ಕ್ರಮ ತಲೆಕೆಳಗಾದ ಕ್ಷಣದಲ್ಲೇ ಗಾಯಗಳಾಗುತ್ತವೆ.

ಸ್ಲೈಸರಿನ ಜೊತೆಗೆ ಸಾಮಾನ್ಯವಾಗಿ ಮುಳ್ಳುಗಳಿರುವ ಒಂದು ಹಿಡಿಕೆ ಬರುತ್ತದೆ. ಅದು ಕಾಯಿಯನ್ನು ಚುಚ್ಚಿ ಹಿಡಿದು ಬೆರಳುಗಳನ್ನು ಅಲಗಿನಿಂದ ಮೇಲಿಡುತ್ತದೆ. ಹೆಚ್ಚಿನ ಮನೆಗಳಲ್ಲಿ ಮೊದಲು ಮೂಲೆ ಸೇರುವ ಭಾಗ ಇದೇ. ಅದು ಕೆಲಸವನ್ನು ನಿಧಾನಮಾಡುತ್ತದೆಯೆಂಬುದು ಒಂದು ಕಾರಣ. ವರ್ಷಗಟ್ಟಲೆ ಅಡುಗೆ ಮಾಡಿದ ಕೈಗೆ ಇಂಥ ಆಸರೆ ಬೇಕಾದರೆ ಅದು ನಾಚಿಕೆಯೆಂಬ ಭಾವನೆ, ಬಾಯಿಬಿಟ್ಟು ಹೇಳದಿದ್ದರೂ, ಇನ್ನೊಂದು ಕಾರಣ. ಈ ಭಾವನೆಯನ್ನು ಗಂಭೀರವಾಗಿ ಪರಿಶೀಲಿಸಬೇಕಾಗಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ಎಷ್ಟೇ ಅನುಭವವಿರುವ ಕಾರ್ಮಿಕನಾದರೂ ಹೆಲ್ಮೆಟ್ ಧರಿಸದೆ ಕೆಳಗಿಳಿಯುವಂತಿಲ್ಲ. ಅದನ್ನು ಧರಿಸುವುದರಿಂದ ಅವನ ಕೌಶಲಕ್ಕೆ ಕುಂದು ಬಂತೆಂದು ಯಾರೂ ಎಣಿಸುವುದಿಲ್ಲ. ಗಂಡಸಿನ ದುಡಿಮೆಯ ಜಾಗದಲ್ಲಿ ರಕ್ಷಣೆಗೆ ಕಾನೂನಿನ ಬಲ ಬಂದಿದೆ, ಅವನ ಮನೆಯಲ್ಲಿ ಅಡುಗೆ ಮಾಡುವವಳ ರಕ್ಷಣೆ ಅವಳ ಚುರುಕುತನಕ್ಕೇ ಬಿಟ್ಟ ವಿಷಯವಾಗಿ ಉಳಿದಿದೆ. ಅಪ್ರಮಾದವೆಂದರೆ ತನ್ನ ಗಮನ ಎಂದೂ ತಪ್ಪುವುದಿಲ್ಲವೆಂಬ ಹೆಮ್ಮೆಯಲ್ಲ. ಗಮನ ತಪ್ಪುವುದು ಮನುಷ್ಯಸ್ವಭಾವವೆಂದು ಒಪ್ಪಿ, ಅದು ತಪ್ಪಿದ ಕ್ಷಣಕ್ಕೂ ಮುಂಚಿತವಾಗಿ ಏರ್ಪಾಡು ಮಾಡಿಕೊಳ್ಳುವ ವಿನಯವೂ ಅದರಲ್ಲಿ ಸೇರಿದೆ. ಹಿಡಿಕೆ ಕಳೆದುಹೋಗಿದ್ದರೆ ಕಡಿತ ತಡೆಯುವ ನೂಲಿನ ಕೈಗವಸುಗಳು ದೊರೆಯುತ್ತವೆ. ಯುರೋಪಿನ ಇಎನ್ 388 ಎಂಬ ಮಾನಕ ಇಂಥ ಕೈಗವಸುಗಳ ತಾಳಿಕೆಯನ್ನು ಅಳೆಯುತ್ತದೆ. ಅವು ಎಳೆದು ಕಡಿಯುವ ಅಂಚನ್ನು ತಡೆಯುತ್ತವೆ, ಚುಚ್ಚುವ ಮೊನೆಯನ್ನು ಅಷ್ಟಾಗಿ ತಡೆಯುವುದಿಲ್ಲ ಎಂಬುದನ್ನು ಬಳಸುವವರು ತಿಳಿದಿರಬೇಕು. ಎರಡೂ ಇಲ್ಲದಿದ್ದರೆ ಈಳಿಗೆಗೋ ಚಾಕುವಿಗೋ ಹಿಂದಿರುಗುವುದೇ ವಿವೇಕ.

ಆದರೂ ಸ್ಲೈಸರಿನ ಗಾಯಗಳು ಹೆಚ್ಚಾಗಿ ಆಗುವುದು ಕೆಲಸದ ಆರಂಭದಲ್ಲಲ್ಲ, ಕೊನೆಯಲ್ಲಿ. ಕಾಯಿ ಸವೆದು ಸವೆದು ಹೆಬ್ಬೆರಳಿನ ಅಗಲದಷ್ಟು ಉಳಿದಾಗ, ಇನ್ನೆರಡು ಹೋಳು ಬರುತ್ತವೆಯೆಂಬ ಎಣಿಕೆಯಲ್ಲಿ ಕೈ ಮತ್ತೆ ತಳ್ಳುತ್ತದೆ. ಆಗ ಅಲಗಿಗೆ ಸಿಗುವುದು ಹೆಬ್ಬೆರಳಿನ ಅಥವಾ ಉಂಗುರಬೆರಳಿನ ತುದಿ. ಈ ಎಣಿಕೆಯ ಹಿಂದಿರುವುದು ಕೆಟ್ಟ ಗುಣವಲ್ಲ. ಅನ್ನವನ್ನು ಅಲ್ಲಗಳೆಯಬಾರದು, ಕಡೆಗಣಿಸಬಾರದೆಂಬುದು ತೈತ್ತಿರೀಯೋಪನಿಷತ್ತು ವ್ರತವಾಗಿ ವಿಧಿಸಿದ ಮಾತು. ಬರ ಕಂಡ ಈ ಸೀಮೆಯಲ್ಲಿ ಕಾಯಿಯ ತುಂಡೊಂದನ್ನು ಬಿಸಾಡಲು ಮನಸ್ಸು ಬಾರದಿರುವುದು ಸಂಸ್ಕಾರವೇ ಸರಿ. ಹಾಗಾದರೆ ಇಲ್ಲಿ ಎರಡು ಧರ್ಮಗಳು ಎದುರುಬದುರಾಗಿ ನಿಂತಂತೆ ತೋರುತ್ತದೆ: ಅನ್ನವನ್ನು ಪೋಲು ಮಾಡಬಾರದೆಂಬುದು ಒಂದು, ದೇಹವನ್ನು ಪ್ರಮಾದಕ್ಕೆ ಒಪ್ಪಿಸಬಾರದೆಂಬುದು ಇನ್ನೊಂದು.

ಈ ಇಕ್ಕಟ್ಟನ್ನು ಬಿಡಿಸಲು ಲಿಂಗಸುಗೂರು ತಾಲ್ಲೂಕಿನವರೇ ಆದ ಶರಣ ದಂಪತಿಗಳ ವೃತ್ತಾಂತ ನೆರವಾಗುತ್ತದೆ. ಗುರುಗುಂಟಾ ಬಳಿಯ ಅಮರೇಶ್ವರ ಕ್ಷೇತ್ರದವರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ನೆಲೆಸಿದವರು. ಇಬ್ಬರ ವಚನಗಳ ಅಂಕಿತದಲ್ಲೂ ಊರಿನ ದೈವವಾದ ಅಮರೇಶ್ವರಲಿಂಗದ ಹೆಸರಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ಜಂಗಮದಾಸೋಹ ನಡೆಸುವುದು ಮಾರಯ್ಯನ ಕಾಯಕವಾಗಿತ್ತು. ಕಾಯಕವೆಂದರೆ ದೇವರಿಗೆ ಅರ್ಪಿತವಾದ ನಿತ್ಯದ ದುಡಿಮೆ, ದಾಸೋಹವೆಂದರೆ ಅದರ ಫಲವನ್ನು ಹಂಚಿ ಉಣ್ಣುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಪರಂಪರೆ ನೆನೆಯುತ್ತದೆ. ನೆಲಕ್ಕೆ ಬಿದ್ದ ಕಾಳನ್ನು ಒಂದೊಂದಾಗಿ ಆಯುವ ಮನೆ ಅದು. ಅನ್ನದ ಗೌರವವನ್ನು ಆ ದಂಪತಿಗಳಿಗೆ ಕಲಿಸಬೇಕಾಗಿರಲಿಲ್ಲ. ಆದರೂ ಆಯುವುದಕ್ಕೆ ಒಂದು ಮಿತಿಯಿದೆ, ಆ ಮಿತಿಯನ್ನು ದಾಟಿದೊಡನೆ ಅದೇ ಕೆಲಸ ಆಸೆಯಾಗಿ ಬದಲಾಗುತ್ತದೆ, ಉದ್ದೇಶ ದಾಸೋಹವೇ ಆಗಿದ್ದರೂ ಆ ಬದಲಾವಣೆ ತಪ್ಪುವುದಿಲ್ಲವೆಂದು ಲಕ್ಕಮ್ಮ ಕಂಡಳು. ಪೋಲು ಮಾಡದಿರುವುದು ಮತ್ತು ಆಸೆಪಡುವುದು ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಬೇರೆ ನಡೆಗಳು. ಅವುಗಳ ನಡುವಿನ ಗೆರೆಯನ್ನು ಎಳೆದ ಕೀರ್ತಿ ಅಡುಗೆಮನೆಯನ್ನು ಬಲ್ಲ ಒಬ್ಬ ಹೆಂಗಸಿನದು ಎಂಬುದನ್ನು ವಚನಸಾಹಿತ್ಯದ ಚರ್ಚೆಗಳು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಸ್ಲೈಸರಿನ ಮೇಲೆ ಉಳಿದ ಕೊನೆಯ ತುಂಡಿಗೆ ಈ ಗೆರೆ ನೇರವಾಗಿ ಅನ್ವಯಿಸುತ್ತದೆ. ಅದನ್ನು ಅಲಗಿನ ಮೇಲಿಂದ ಎತ್ತಿ ಬದಿಗಿಟ್ಟ ಮಾತ್ರಕ್ಕೆ ಅನ್ನದ ಅವಮಾನವಾಗುವುದಿಲ್ಲ. ಉಳಿದ ಆಲೂಗಡ್ಡಿ, ಗಜ್ಜರಿಗಳ ತುಂಡುಗಳನ್ನು ಕೊನೆಗೆ ಒಟ್ಟಿಗೆ ಚಾಕುವಿನಿಂದ ಕೊಚ್ಚಿ ಸಾರಿಗೋ ಪಲ್ಯೆಗೋ ಹಾಕಬಹುದು, ಸವತಿಕಾಯಿಯ ತುದಿಯನ್ನು ಕೋಸಂಬರಿಗೆ ಸೇರಿಸಬಹುದು, ಏನೂ ಬೇಡವಾದರೆ ದನದ ಮುಂದಿಡಬಹುದು. ಹೋಳು ಇನ್ನೆರಡು ಬರಲಿ ಎಂಬ ಹಟ ಮಾತ್ರ ಇಲ್ಲಿ ಬಿಡಬೇಕಾದದ್ದು. ಹಿಡಿಕೆಯಿಲ್ಲದೆ ತಳ್ಳುವವರು ಎರಡು ಬೆರಳಿನ ಅಗಲ ಉಳಿದಾಗಲೇ ನಿಲ್ಲಿಸುವ ನಿಯಮವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು, ಏಕೆಂದರೆ ಮಿತಿಯನ್ನು ಕೆಲಸದ ನಡುವೆ ನಿರ್ಧರಿಸಲು ಹೊರಟರೆ ಕೈಯ ಓಟವೇ ಅದನ್ನು ಮುಂದೂಡುತ್ತದೆ. ಧಾರ್ಮಿಕ ಪರಿಭಾಷೆಯಲ್ಲಿ ಇದನ್ನೇ ನೇಮವೆನ್ನುವುದು. ಜಪಾನಿನ ಝೆನ್ ಗುರು ಡೋಗೆನ್ 1237ರಲ್ಲಿ ಮಠದ ಅಡುಗೆಯವನಿಗಾಗಿ ಬರೆದ ಕೈಪಿಡಿಯಲ್ಲೂ ಅಕ್ಕಿ, ಕಾಯಿಪಲ್ಯೆ, ಪಾತ್ರೆಗಳ ವಿಷಯದಲ್ಲಿ ಇಂಥದೇ ಎಚ್ಚರವನ್ನು ಸಾಧನೆಯ ಭಾಗವಾಗಿ ವಿಧಿಸಿದ್ದಾನೆ.

ಗಾಯವಾದ ಮೇಲಿನ ನಡವಳಿಕೆಯೂ ಇದೇ ವಿಚಾರಕ್ಕೆ ಸೇರುತ್ತದೆ. ನೆಂಟರು ಬಂದ ಮನೆಯಲ್ಲಿ, ಜಾತ್ರೆಯ ದಾಸೋಹದಲ್ಲಿ, ಬೆರಳು ಕೊಯ್ದುಕೊಂಡವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಲಸ ಮುಂದುವರಿಸುವುದನ್ನು ಸಹನೆಯೆಂದು ಹೊಗಳುವ ಅಭ್ಯಾಸವಿದೆ; ಆ ಹೊಗಳಿಕೆ ಅವಳಿಗೆ ಬಗೆಯುವ ಅನ್ಯಾಯ. ಚಿಮ್ಮುವ ರಕ್ತವನ್ನು ನಿಲ್ಲಿಸಲು ಶುದ್ಧವಾದ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಹತ್ತು ಹದಿನೈದು ನಿಮಿಷ ಬಟ್ಟೆಯನ್ನು ತೆಗೆದು ನೋಡದೆ ಹಾಗೆಯೇ ಹಿಡಿದಿರಬೇಕು. ಅರಿಶಿನ, ಕಾಫಿಪುಡಿ, ಸುಣ್ಣಗಳನ್ನು ತುಂಬುವುದರಿಂದ ಗಾಯದ ಆಳ ಕಾಣದಾಗುತ್ತದೆ, ವೈದ್ಯರು ಅದನ್ನು ತೊಳೆಯುವಾಗ ನೋವು ಹೆಚ್ಚುತ್ತದೆ. ಬೆರಳಿನ ತುದಿಯೇ ಕಡಿದು ಬಿದ್ದಿದ್ದರೆ ಅದನ್ನು ಒದ್ದೆಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯಬೇಕು, ತುಂಡನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು. ಧನುರ್ವಾತದ ಚುಚ್ಚುಮದ್ದು ಯಾವಾಗ ಆಗಿತ್ತೆಂಬುದನ್ನು ವೈದ್ಯರಿಗೆ ತಿಳಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ಸುತ್ತಲಿನ ಹಳ್ಳಿಗಳಲ್ಲಿ ಈ ಮಾತಿಗೆ ವಿಶೇಷ ತೂಕವಿದೆ: ನಾಟಿಯ ಕೂಲಿಗೆ ಹೋಗುವ ಹೆಂಗಸಿಗೆ ಮರುದಿನವೇ ಕೆಸರಿನಲ್ಲಿ ಕೈ ಅದ್ದಬೇಕಾಗುತ್ತದೆ, ಅಡುಗೆಮನೆಯಲ್ಲಿ ಚಿಕ್ಕದಾಗಿ ತೋರಿದ ಗಾಯ ಗದ್ದೆಯಲ್ಲಿ ಕೀವಾಗುತ್ತದೆ, ಹತ್ತಿ ಬಿಡಿಸುವ ಕಾಲವಾದರೆ ಒಣಗಿದ ಕಾಯಿಯ ಚೂಪುತುದಿಗಳು ಅದನ್ನು ಮತ್ತೆ ಮತ್ತೆ ಕೆದಕುತ್ತವೆ. ಒಂದು ಬೆರಳಿನ ಮೇಲೆ ಒಂದು ಮನೆಯ ವಾರದ ಕೂಲಿ ನಿಂತಿರುವಾಗ, ಅದರ ರಕ್ಷಣೆಯನ್ನು ಸ್ವಾರ್ಥವೆನ್ನಲು ಯಾವ ದರ್ಶನಕ್ಕೂ ಬಾಯಿ ಬರುವುದಿಲ್ಲ.

ಈ ಭಾಗದಲ್ಲಿ ಮಹಾನವಮಿಯನ್ನು ಖಂಡೇನವಮಿಯೆಂದು ಆಚರಿಸಿ, ಕುಡುಗೋಲು, ಕೊಡಲಿ, ಈಳಿಗೆಗಳನ್ನು ತೊಳೆದು, ವಿಭೂತಿ ಕುಂಕುಮಗಳಿಂದ ಪೂಜಿಸುವ ರೂಢಿಯಿದೆ. ಆಯುಧಗಳಿಗೆ ಆ ದಿನ ಬಿಡುವು ಕೊಡುವುದರಲ್ಲಿ, ವರ್ಷವಿಡೀ ಅವುಗಳನ್ನು ಲಕ್ಷ್ಯವಿಲ್ಲದೆ ಬಳಸಿದ ಕೈ ಒಂದು ದಿನವಾದರೂ ಅವುಗಳನ್ನು ನಿಂತು ನೋಡಲಿ ಎಂಬ ಆಶಯವಿರುವಂತೆ ತೋರುತ್ತದೆ. ಪ್ಲಾಸ್ಟಿಕ್ಕಿನದೆಂಬ ಕಾರಣಕ್ಕೋ ಏನೋ ಸ್ಲೈಸರಿಗೆ ಆ ಸಾಲಿನಲ್ಲಿ ಜಾಗ ಸಿಗುವುದು ಅಪರೂಪ. ಅದನ್ನೂ ಸಾಲಿಗೆ ಸೇರಿಸಿ, ಅಲಗು ಮೊಂಡಾಗಿದೆಯೇ, ತಿರುಪು ಸಡಿಲವಾಗಿದೆಯೇ, ಕಾಲುಗಳ ರಬ್ಬರು ಸವೆದಿದೆಯೇ, ಕಳೆದ ಹಿಡಿಕೆ ಎಲ್ಲಿದೆ ಎಂದು ಆ ದಿನ ನೋಡಿದರೆ ಪೂಜೆ ಅರ್ಥವತ್ತಾಗುತ್ತದೆ.

ಇನ್ನು ಉಳಿದದ್ದು ತೊಳೆಯುವ ಮತ್ತು ಎತ್ತಿಡುವ ಕೆಲಸ. ಹೆಚ್ಚಿ ಮುಗಿದೊಡನೆ ಸ್ಲೈಸರನ್ನು ಹರಿಯುವ ನೀರಿನ ಕೆಳಗೆ ಹಿಡಿದು, ಬಟ್ಟೆ ಅಥವಾ ಬೆರಳಿನಿಂದ ಉಜ್ಜದೆ, ಉದ್ದ ಹಿಡಿಯ ಬ್ರಷ್ಷಿನಿಂದ ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಉಜ್ಜಿ, ಒಣಗಿಸಿ, ದಪ್ಪದ ತಿರುಗಣಿಯನ್ನು ಸೊನ್ನೆಗೆ ತಂದು ಹಲಗೆ ಅಲಗಿನ ಮಟ್ಟಕ್ಕೆ ಬರುವಂತೆ ಮಾಡಿ, ಮುಚ್ಚಳ ಹಾಕಿ ಮಕ್ಕಳ ಕೈಗೆ ಎಟುಕದಲ್ಲಿ ಇಡಬೇಕು. ದಾಸೋಹದ ಅಡುಗೆಮನೆಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಹೆಚ್ಚುವವರು ಒಬ್ಬರು, ತೊಳೆಯುವವರು ಮತ್ತೊಬ್ಬರು. ಮುಸುರೆ ಪಾತ್ರೆಗಳ ನಡುವೆ, ನೊರೆ ತುಂಬಿದ ಟಬ್ಬಿನ ತಳಕ್ಕೆ ಸ್ಲೈಸರನ್ನು ಹಾಕಿ ಎದ್ದುಹೋದವರಿಗೆ ಅನಂತರ ಆ ನೀರಿಗೆ ಕೈ ಹಾಕುವವರು ಯಾರೆಂಬುದು ತಿಳಿದಿರುವುದಿಲ್ಲ. ತೊಳೆಯುವವಳ ಕೈ ಅದೃಷ್ಟವಶಾತ್ ಅಲಗಿಗೆ ತಾಗದೆ ಮೇಲೆ ಬಂದಿರಬಹುದು, ಯಾರಿಗೂ ಗಾಯವಾಗದೆ ಪಂಕ್ತಿ ಮುಗಿದಿರಬಹುದು. ಆದರೂ ಕುಂದಕುಂದಾಚಾರ್ಯರ ಪರಂಪರೆಯ ಲೆಕ್ಕದಲ್ಲಿ, ನೋಡದೆ ಇಟ್ಟವನ ಹಿಂಸೆ ಆ ಅಲಗು ನೀರಿನಲ್ಲಿ ಮುಳುಗಿದಾಗಲೇ ನಡೆದುಹೋಗಿದೆ.